ಗಟ್ಟಿ ರಿಂಗು, ಮೆತ್ತನೆ ರಿಂಗು

ಭೂಮಿ ತನ್ನ ಸೆಳೆತ ಕಳೆದುಕೊಂಡ ಮೇಲೆ ಎಲ್ಲವನ್ನೂ ನೆಲಕ್ಕೆ ಹಿಡಿದಿಡಲು ಬೀದಿಗೊಂದು, ಮನೆಗೊಂದು ಭಾರದ ಮಶೀನು ಬಂದಿತ್ತು. ವಿಶಾಲಾಕ್ಷಿಯ ಮನೆಯದು ಬೆಳಗಿನಿಂದ ಗರಗರ ಎನ್ನುತ್ತಿತ್ತು. ‘ಹಳೆಯದು ತಂದರೆ ಮಾತ್ರ ಹೊಸದು’ ಎಂಬ ಸ್ಪೇರ್ ಪಾರ್ಟ್ಸ್ ಅಂಗಡಿಯ ಬೋರ್ಡು ನೆನಪಾಗಿ, ಮಶೀನು ನಿಲ್ಲಿಸಿ ಅದರ ಸವೆದ ರಬ್ಬರ್ ರಿಂಗನ್ನು ಬಿಚ್ಚಿಕೊಂಡೇ ಬಂದಿದ್ದಳು.

ಅಂಗಡಿಯ ಇಕ್ಬಾಲ್ ಸಾಬರು ಅಳತೆ ನೋಡಿ ಗಟ್ಟಿ ರಿಂಗೊಂದನ್ನು ತೆಗೆದರು. ಹಳೆಯದು ಇನ್ನೂ ಬಿಸಿಯಾಗಿತ್ತು. ಅವರ ಕೈ ಅಲ್ಲೇ ನಿಂತಿತು.

“ಈಗಷ್ಟೇ ಬಿಚ್ಚಿದ್ರೇನಮ್ಮ? ಮನೇಲಿ ಯಾರಿದಾರೆ?”

“ಅತ್ತೆ ಇದಾರೆ, ಸಾಬ್ರೆ. ತಾರಸಿ ಮೇಲೆ ಸಂಡಿಗೆ ಕಾಯ್ತಾ ಕೂತಿದಾರೆ. ಹಗ್ಗದಲ್ಲಿ ಮಂಚಕ್ಕೆ ಕಟ್ಟಿ ಬಂದಿದೀನಿ.”

“ಮಂಚನ ಯಾವುದಕ್ಕೆ ಕಟ್ಟಿದೀರಿ?”

ವಿಶಾಲಾಕ್ಷಿ ಕೈಲಿದ್ದ ದುಡ್ಡನ್ನೆಲ್ಲ ಎಣಿಸದೆ ಗಲ್ಲಾದ ಮೇಲೆ ಸುರಿದಳು.

ಸಾಬರು ಗಟ್ಟಿ ರಿಂಗನ್ನು ಡಬ್ಬಿಗೆ ಹಾಕಿ, ಮೆತ್ತನೆಯದೊಂದನ್ನು ಅವಳ ಅಂಗೈಯಲ್ಲಿಟ್ಟರು. “ಗಟ್ಟೀದು ಹಾಕಿದ್ರೆ ಭಾರ ಒಂದೇ ಸಲಕ್ಕೆ ಬಂದ್ಬಿಡತ್ತೆ. ಇದರಲ್ಲಾದ್ರೆ ನಿಧಾನ. ಮೇಲಕ್ಕೆ ಹೋದವರು ಮೆಲ್ಲಗೆ ಇಳೀತಾರೆ. ಓಡಿ.”

ಅವಳು ಓಡಿದಳು. ತಲೆಯೆತ್ತಿ ನೋಡುವ ಧೈರ್ಯ ಬರಲಿಲ್ಲ. ಆದರೆ ದಾರಿಯಲ್ಲಿ ಸಿಕ್ಕವರೆಲ್ಲ ಅವಳ ಮನೆಯ ಕಡೆಗೇ ಮುಖ ಮೇಲೆತ್ತಿ ನಿಂತಿದ್ದರು. ಮೇಲಿನಿಂದ ಹಸಿ ಸಂಡಿಗೆಯೊಂದು ಬೀದಿಯ ಭಾರಕ್ಕೆ ಸಿಕ್ಕಿ ಅವಳ ಕಾಲ ಬಳಿ ಬಂದು ಬಿತ್ತು.