ಎರಡು ಚಮಚ ಸಕ್ಕರೆ

“ತಡಿಯಮ್ಮಾ, ಸೀಲ್ ಒತ್ತಬೇಡ!” ಎಂದರು ಸಾಹೇಬರು. ಗಡಿ ತಪಾಸಣೆ ಇಲಾಖೆಯ ಮುಖ್ಯಸ್ಥರಾಗಿ ನಿವೃತ್ತರಾಗಿ ಇನ್ನೂ ವಾರ ತುಂಬಿರಲಿಲ್ಲ. ಹೆಂಡತಿಯೊಡನೆ ಮೊದಲ ಬಾರಿಗೆ ವಿದೇಶಕ್ಕೆ ಹೊರಟಿದ್ದರು. ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಪಾಸ್‌ಪೋರ್ಟಿನ ಮೇಲೆ ಎತ್ತಿದ್ದ ಸೀಲು ಗಾಳಿಯಲ್ಲೇ ನಿಂತಿತು. “ಗಂಡ ಹೆಂಡತಿಯನ್ನ ಬೇರೆ ಬೇರೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಬೇಕು. ಉತ್ತರ ತಾಳೆ ಆಗ್ಲಿಲ್ವಾ, ವಿಚಾರಣೆಗೆ ಅಂತ ಒಳಕೋಣೆಗೆ ಕಳಿಸಬೇಕು. ನಾನೇ ಮಾಡಿದ ನಿಯಮ, ಮರೆತುಬಿಟ್ಯಾ?”

“ನಿಮ್ಮನ್ನೂ ಕೇಳೋದಾ ಸಾರ್?”

“ನಾನೇನು ಆಕಾಶದಿಂದ ಇಳಿದುಬಂದಿದ್ದೀನಾ? ಕೇಳು.”

ಹೆಂಡತಿಯನ್ನು ಹಳದಿ ಗೆರೆಯಾಚೆ ನಿಲ್ಲಿಸಿ ಹುಡುಗಿ ಅಳುಕುತ್ತಲೇ ಕೇಳಿದಳು, “ಅಮ್ಮಾವ್ರು ಕಾಫಿಗೆ ಎಷ್ಟು ಸಕ್ಕರೆ ಹಾಕ್ಕೋತಾರೆ ಸಾರ್?”

“ಎರಡು ಚಮಚ!” ಸಾಹೇಬರು ಮೀಸೆ ತಿರುವಿದರು. ಇದೊಂದೇ ಪ್ರಶ್ನೆಯಿಂದ ಅದೆಷ್ಟು ನಕಲಿ ದಂಪತಿಗಳ ಬಣ್ಣ ಬಯಲು ಮಾಡಿದ್ದರೋ!

ಆಮೇಲೆ ಹೆಂಡತಿಯ ಸರದಿ. “ಕಾಫಿನಾ? ನಾನು ಬಿಟ್ಟು ಹನ್ನೊಂದು ವರ್ಷ ಆಯ್ತಲ್ಲಮ್ಮಾ.”

ಸಾಹೇಬರ ಕೈ ಮೀಸೆಯ ಮೇಲೇ ಉಳಿಯಿತು. ಹುಡುಗಿ ಸೀಲನ್ನು ಮೆಲ್ಲಗೆ ಕೆಳಗಿಟ್ಟು ಆಕೆಯತ್ತ ನೋಡಿದಳು.

“ನನ್ನ ಮುಖ ಏನು ನೋಡ್ತೀಯಾ? ಇವರನ್ನ ಒಳಕೋಣೆಗೆ ಕರ್ಕೊಂಡು ಹೋಗಮ್ಮಾ,” ಎನ್ನುತ್ತ ಆಕೆ ಬೆಂಚಿನ ಮೇಲೆ ಆರಾಮಾಗಿ ಕುಳಿತರು. “ವಿಮಾನಕ್ಕೆ ಇನ್ನೂ ಎರಡು ಗಂಟೆ ಇದೆ. ಚೆನ್ನಾಗಿ ವಿಚಾರಿಸು.”