ಅರ್ಧ ಗಂಟೆಯ ಬಿಸಿಲು

ರೊಟ್ಟಿ ತಟ್ಟುತ್ತಿದ್ದಾಗ ಸೈರನ್ ಕೂಗಿತು. ಒಲೆ ಆರಿಸಿ, ಕಾಲು ಬಾಗಿದ ಮಗಳು ದಾನಮ್ಮಳನ್ನು ಎತ್ತಿಕೊಂಡು ಮಾಳಿಗೆಗೆ ಓಡಿದೆ. ಊರಿನ ಮೇಲೆಲ್ಲ ಆಕಾಶ ಮುಚ್ಚುವಂತೆ ಸೌರಫಲಕ ಹಾಸಿರುವ ಕಂಪನಿಯವರು ತಿಂಗಳಿಗೊಮ್ಮೆ ಸೈರನ್ ಕೂಗಿಸಿ ಅರ್ಧ ಗಂಟೆ ಅವನ್ನು ಸರಿಸುತ್ತಾರೆ. ಅದು ಅವರ ಸಮಾಜಸೇವೆ. ಮಗಳ ಎಲುಬಿಗೆ ಬಿಸಿಲೇ ಔಷಧವೆಂದು ಡಾಕ್ಟರು ಹೇಳಿದ್ದಾರೆ.

ಕಾಲಿಗೆ ಎಣ್ಣೆ ತಿಕ್ಕುತ್ತಿರುವಾಗಲೇ ಕಂಪನಿಯ ಸಾಹೇಬರು ಕ್ಯಾಮೆರಾ ಹಿಡಿದು ಬಂದರು. ಹಿಂದೊಮ್ಮೆ ಅವರೆದುರು ಹಿಂದಿನ ಓಣಿಯ ಮುದುಕನೊಬ್ಬ ಗೊಣಗಿದ್ದಕ್ಕೆ ಆ ಓಣಿ ಮೂರು ತಿಂಗಳಿಂದ ಬಿಸಿಲು ಕಂಡಿಲ್ಲ.

“ಥ್ಯಾಂಕ್ಸ್ ಅನ್ನು ತಂಗಿ. ವಿಡಿಯೋ ಆಗಾಕತ್ತೈತಿ,” ಎಂದರು ಸಾಹೇಬರು.

ದಾನಮ್ಮ ತನ್ನ ಕಾಲನ್ನೇ ನೋಡುತ್ತ ಕುಳಿತಳು. ಅವರು ಗಡಿಯಾರ ನೋಡಿಕೊಂಡರು.

“ಅನ್ನು ಅವ್ವಾ, ನಿನ್ನೆ ಹೇಳಿಕೊಟ್ಟೀನಲ್ಲ,” ಎಂದೆ.

ಅವಳು ತಲೆಯೆತ್ತಿದಳು. “ಥ್ಯಾಂಕ್ಸ್ ರೀ ಸಾಹೇಬ್ರ. ಉಳಿದ ದಿನ ನಮ್ಮ ಬಿಸಿಲು ಯಾರು ಒಯ್ತಾರ್ರೀ?”