ಇಪ್ಪತ್ತೆರಡು ವರ್ಷದ ಸೀಟು

ಆ ಯುವಕ ತನ್ನ ರೇಸ್ ಸೈಕಲ್ಲಿಗೆ ಐದು ಸೀಟು ಬದಲಿಸಿದ್ದಾಯಿತು. ಮೆತ್ತಗಿನದು, ಗಟ್ಟಿಯದು, ನಡುವೆ ಸೀಳಿದ್ದು, ಯಾವುದೂ ಆಗಿಬರಲಿಲ್ಲ. ನಲವತ್ತು ಕಿಲೋಮೀಟರ್ ದಾಟಿದರೆ ಸಾಕು, ತೊಡೆಸಂದು ಉರಿಯುತ್ತಿತ್ತು. ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್ ಸ್ಪರ್ಧೆಗೆ ಎರಡೇ ದಿನ ಉಳಿದಿತ್ತು.

ಚಹಾದಂಗಡಿಯ ಮುಂದೆ ಸೊಪ್ಪು ಮಾರುವವನ ಹಳೆಯ ಸೈಕಲ್ ನಿಂತಿತ್ತು. ಅದರ ಚರ್ಮದ ಸೀಟು ಸವೆದು ಸವೆದು ಮಿರಮಿರ ಹೊಳೆಯುತ್ತಿತ್ತು.

"ಕಾಕಾ, ದಿನಾ ಎಷ್ಟ ದೂರ ಹೋಗ್ತೀರಿ?"

"ಇಪ್ಪತ್ತ ಕಿಲೋಮೀಟರ ಆಗ್ತೈತ್ರಿ."

"ಈ ಸೀಟು ತ್ರಾಸ ಕೊಡೂದಿಲ್ಲ?"

"ಇಪ್ಪತ್ತೆರಡ ವರ್ಷ ಆತು. ಒಂದ ದಿನಾನೂ ಇಲ್ಲ."

ಯುವಕ ಅಲ್ಲೇ ತನ್ನ ದುಬಾರಿ ಸೀಟು ಬಿಚ್ಚಿ ಕೊಟ್ಟು, ಆ ಹಳೆಯದನ್ನು ಕಾಡಿ ಬೇಡಿ ಪಡೆದ.

ಸ್ಪರ್ಧೆಯ ದಿನ ಅರವತ್ತನೆಯ ಕಿಲೋಮೀಟರಿಗೆ ಸೈಕಲ್ಲಿನಿಂದ ಇಳಿದವನು ಮತ್ತೆ ಹತ್ತಲಿಲ್ಲ. ಮರುದಿನ ಬೆಳಿಗ್ಗೆ ಕುಂಟುತ್ತ ಬಂದು ಸೀಟನ್ನು ಸೊಪ್ಪಿನವನ ಮುಂದೆ ಕುಕ್ಕಿದ.

"ಸುಳ್ಳ ಯಾಕ ಹೇಳಿದ್ರಿ? ಇದರ ಮ್ಯಾಲ ಮನಷ್ಯಾ ಕುಂದರಾಕ ಆಗ್ತೈತೇನು?"

ಸೊಪ್ಪಿನವನು ಸೀಟನ್ನು ಖುಷಿಯಿಂದ ಎತ್ತಿಕೊಂಡ.

"ಛಲೋ ಆತು ತಂದ್ರಿ. ನಿಮ್ಮ ಸೀಟಿನ ಮ್ಯಾಲ ಏನೂ ನಿಲ್ಲವಲ್ದು. ನಾ ಎಲ್ಲಿ ಕುಂತೀನ್ರಿ? ನಾ ಸೈಕಲ್ ತಳ್ಕೋತ ಹೋಗಾಂವ. ಇಪ್ಪತ್ತೆರಡ ವರ್ಷ ಇದರ ಮ್ಯಾಲ ಕುಂತಿದ್ದು ಕೊತ್ತಂಬರಿ ಗಂಟು."